ಆರೋಪಿಯೂ ಜೊತೆಗೇ ಬಂದ

“ನಾನೇ ಮೇಡಂ ಆರೋಪಿ,” ಎಂದು ಕೋಜೋ ಬೆಂಚಿನಿಂದ ಎದ್ದು ನಿಂತ.

ನ್ಯಾಯಾಧೀಶೆ ವಾಲ್ಬೋನಾ ಕನ್ನಡಕದ ಮೇಲಿನಿಂದ ನೋಡಿದಳು. ದೂರು ಕೊಟ್ಟ ಶೆಫ್ಕಿ ಮೇಷ್ಟ್ರು ಅದೇ ಬೆಂಚಿನಲ್ಲಿ ಅವನಿಗೆ ಒತ್ತಿಕೊಂಡೇ ಕುಳಿತಿದ್ದರು. ಅವರ ಪಕ್ಕದಲ್ಲಿ ಹೆಂಡತಿ ನಜ್ಮಿಯೆ. ಎದ್ದವನ ಕೋಟಿಗೆ ಅಂಟಿದ್ದ ದಾರದ ಎಳೆಯೊಂದನ್ನು ಅವಳು ಮೆಲ್ಲನೆ ತೆಗೆದು ಹಾಕಿದಳು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ನಜ್ಮಿಯೆ ಒಲೆಗೆ ಸೌದೆ ಒಟ್ಟುತ್ತಿದ್ದಾಗ, ಯುದ್ಧ ಮುಗಿದ ಮೇಲೆ ಪ್ರಿಜ್ರೆನ್ ಊರನ್ನು ಕಾಯಲು ಬಂದಿದ್ದ ಹೊರದೇಶಗಳ ಪೊಲೀಸರು ಬಾಗಿಲು ಒಡೆದು ಒಳನುಗ್ಗಿದ್ದರು. ಅವರಿಗೆ ಬೇಕಾಗಿದ್ದವನು ಬಂದೂಕು ಬಚ್ಚಿಟ್ಟಿದ್ದ ಬೇರೊಬ್ಬ ಶೆಫ್ಕಿ. ಸಿಕ್ಕಿದವರು ಭೂಗೋಳ ಕಲಿಸಿ ನಿವೃತ್ತರಾಗಿದ್ದ ಶೆಫ್ಕಿ ಮೇಷ್ಟ್ರು. ಬೀದಿಯ ಅರ್ಧ ಜನಕ್ಕೆ ಪಾಠ ಹೇಳಿದ ಮನುಷ್ಯನನ್ನು ಅದೇ ಬೀದಿಯಲ್ಲಿ, ಮಲಗುವ ಬಟ್ಟೆಯಲ್ಲೇ, ತಲೆಗೆ ಟೋಪಿಯೂ ಇಲ್ಲದೆ, ಕೈಕೋಳ ಹಾಕಿ ನಡೆಸಿಕೊಂಡು ಹೋದರು. ಕೆಲವು ದಿನ ಕೂಡಿಹಾಕಿ ಬಿಟ್ಟರು. ಯಾಕೆ ಹಿಡಿದೆವು ಎಂದು ಹೇಳಲಿಲ್ಲ. ತಪ್ಪಾಯಿತು ಎಂದೂ ಹೇಳಲಿಲ್ಲ.

ಹೇಳಿದವನು ಕೋಜೋ ಒಬ್ಬನೇ. ಆ ಪೊಲೀಸ್ ತಂಡದ ಮುಂದಾಳೂ ಅವನೇ, ಘಾನಾ ದೇಶದವನು. ರಜೆಯ ದಿನ ಸಮವಸ್ತ್ರ ಬಿಟ್ಟು, ಗರಗಸ, ಸುತ್ತಿಗೆ ಹಿಡಿದು ಬಂದು ಮುರಿದ ಬಾಗಿಲ ಮುಂದೆ ನಿಂತ. ನಜ್ಮಿಯೆ ಪೊರಕೆ ಎತ್ತಿದಳು. ಏಟು ಬೀಳಲಿ ಎನ್ನುವಂತೆ ಅವನು ತಲೆ ಬಗ್ಗಿಸಿದ. ಎತ್ತಿದ ಕೈ ತಾನಾಗಿ ಇಳಿಯಿತು. ಬಾಗಿಲು ಸರಿಹೋದ ಮೇಲೂ ಅವನು ಬರುವುದು ನಿಲ್ಲಲಿಲ್ಲ. ಅವಳು ಮಾಡಿದ ಕೆಂಪು ಮೆಣಸಿನಕಾಯಿ ಗೊಜ್ಜನ್ನು ಚಮಚದಲ್ಲಿ ಹಾಗೆಹಾಗೇ ತಿಂದು, “ಅಮ್ಮಾ, ಖಾರ ಹಾಕೋದು ಮರೆತುಬಿಟ್ಟಿದ್ದೀಯ,” ಎನ್ನುವನು. ಮೇಷ್ಟ್ರು ಅವನ ಬಾಯಲ್ಲಿ ಘಾನಾದ ನದಿಗಳ ಹೆಸರು ಹೇಳಿಸಿ, ಇಷ್ಟು ವರ್ಷ ಮಕ್ಕಳಿಗೆ ತಪ್ಪು ಉಚ್ಚಾರಣೆ ಕಲಿಸಿದೆನಲ್ಲ ಎಂದು ಹಣೆ ಚಚ್ಚಿಕೊಳ್ಳುವರು.

ಆದರೂ ಮೇಷ್ಟ್ರು ದೂರನ್ನು ಹಿಂದಕ್ಕೆ ಪಡೆಯಲಿಲ್ಲ. “ಅವನು ನಮ್ಮನೆ ಹುಡುಗನೇ ಆಗ್ಬಿಟ್ಟ. ಇನ್ನೂ ಯಾಕ್ರೀ ಈ ಕೋರ್ಟು ಕಚೇರಿ?” ಎಂದು ನಜ್ಮಿಯೆ ಗೊಣಗಿದಾಗಲೆಲ್ಲ ಅವರದು ಒಂದೇ ಮಾತು.

“ಇವನೇನೋ ಬಾಗಿಲು ಮುರಿದ, ತಾನೇ ಬಂದು ಕೂಡಿಸಿಕೊಟ್ಟ. ಇವನಾದ್ಮೇಲೆ ಬರೋನು ಹೆಂಗಿರ್ತಾನೋ ಯಾರಿಗ್ಗೊತ್ತು? ಮಾಡಿದ್ದು ತಪ್ಪು ಅಂತ ಒಬ್ಬ ನ್ಯಾಯಾಧೀಶ ಬಾಯಿಬಿಟ್ಟು ಹೇಳ್ಲಿ ಕಣೇ. ನನಗಷ್ಟೇ ಸಾಕು.”

“ಮೇಷ್ಟ್ರು ಹೇಳೋದೇ ಸರಿ. ನಾನೇ ಬಂದು ಒಪ್ಕೋತೀನಿ,” ಎಂದಿದ್ದ ಕೋಜೋ. ಹಾಗಾಗಿ ಈ ದಿನ ಎಲ್ಲರೂ ಒಟ್ಟಿಗೇ ಬಂದಿದ್ದರು.

“ನೀವು ಒಪ್ಕೊಂಡ್ರೂ ಆಗಲ್ಲ,” ಎಂದಳು ವಾಲ್ಬೋನಾ. “ಹೊರಗಿನ ಪೊಲೀಸರು ಡ್ಯೂಟಿ ಮೇಲೆ ಏನೇ ಮಾಡಿದ್ರೂ ಇಲ್ಲಿನ ಯಾವ ಕೋರ್ಟೂ ಕೇಳೋ ಹಾಗಿಲ್ಲ. ನಿಮಗೆ ಕಾನೂನಿನ ರಕ್ಷಣೆ ಇದೆ.”

“ಆ ರಕ್ಷಣೆ ನನಗೆ ಬೇಡ. ಬಿಟ್ಟುಕೊಡ್ತೀನಿ.”

“ನಿಮ್ಮದಾಗಿದ್ರೆ ತಾನೇ ಬಿಟ್ಟುಕೊಡೋದು? ಅದು ನಿಮ್ಮನ್ನ ಕಳಿಸಿದೋರದ್ದು. ಅವರೇ ಬಿಡ್ಬೇಕು.”

“ಕೇಳ್ದೆ ಮೇಡಂ. ಬಿಡಲ್ಲ ಅಂದ್ರು.” ಕೋಜೋ ತಡೆದು, ನಜ್ಮಿಯೆಯ ಕಡೆ ನೋಡದೆ ಹೇಳಿದ: “ಮುಂದಿನ ತಿಂಗಳು ನನ್ನನ್ನ ಊರಿಗೆ ವಾಪಸ್ ಕಳಿಸ್ತಿದ್ದಾರೆ.”

ನಜ್ಮಿಯೆಗೆ ಇದು ಗೊತ್ತಿರಲಿಲ್ಲ.

ವಾಲ್ಬೋನಾ ದನಿ ತಗ್ಗಿಸಿದಳು. “ಮೇಷ್ಟ್ರೇ, ನಾನೂ ನಿಮ್ಮ ಕ್ಲಾಸಲ್ಲಿ ಕೂತೋಳೇ. ಕೇಳೋ ಅಧಿಕಾರ ಇದ್ದಿದ್ರೆ ಇವತ್ತೇ ಕೇಳ್ತಿದ್ದೆ.”

“ಗೊತ್ತಮ್ಮಾ. ನಮ್ಮೂರಿನ ಕೋರ್ಟಲ್ಲಿ ನಮ್ಮನೆ ಬಾಗಿಲಿನ ವಿಷಯ ಎತ್ತೋ ಹಾಗಿಲ್ಲ ಅಂತ ನಾನೂ ಯಾವತ್ತೂ ಪಾಠ ಮಾಡಿರ್ಲಿಲ್ಲ,” ಎಂದು ಮೇಷ್ಟ್ರು ಟೋಪಿ ಹಾಕಿಕೊಂಡು ಎದ್ದರು.

ಹೊರಗೆ ಬಂದು, ಹೊಳೆಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಮೂವರೂ ಕುಳಿತರು. ಮೇಷ್ಟ್ರ ಮುಖ ನೋಡುವ ಧೈರ್ಯವಾಗದೆ ಕೋಜೋ ನಜ್ಮಿಯೆಯ ಕಡೆ ತಿರುಗಿದ.

“ಕೋರ್ಟು ಹಾಳಾಗಿ ಹೋಗ್ಲಿ ಅಮ್ಮಾ. ನೀವಿಬ್ಬರೂ ನನ್ನನ್ನ ಕ್ಷಮಿಸಿದ್ದೀರಲ್ಲ, ಅಷ್ಟಿದ್ರೆ ನಾನು ನೆಮ್ಮದಿಯಾಗಿ ಊರಿಗೆ ಹೋಗ್ತೀನಿ. ಕ್ಷಮಿಸಿದ್ದೀರಿ ತಾನೇ?”

ಮೇಷ್ಟ್ರು ನೀರನ್ನೇ ನೋಡುತ್ತಿದ್ದರು. ಹೌದು ಎನ್ನಲು ನಜ್ಮಿಯೆ ಬಾಯಿ ತೆರೆದಳು. ಇಷ್ಟು ತಿಂಗಳು ಹೌದೆಂದೇ ನಂಬಿದ್ದಳು; ದೂರು ಯಾಕೆ ಎಂದು ಗಂಡನ ಜೊತೆ ಜಗಳವಾಡಿದ್ದವಳೂ ಅವಳೇ. ಆದರೆ ಈಗ ಹಾಗೆನ್ನದೆ ಅವನ ದೊಡ್ಡ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು.

“ನೀನು ಹೊರಟುಹೋದ್ರೆ ನನಗೆ ಊಟ ಸೇರಲ್ಲ ಮಗಾ, ಅಷ್ಟು ಪ್ರೀತಿ ನಿನ್ನ ಮೇಲೆ,” ಎಂದಳು. “ಆದ್ರೆ ಕ್ಷಮಿಸೋದು ಅಂದ್ರೆ, ಕ್ಷಮಿಸದೇ ಇರೋದೂ ನಮ್ಮ ಕೈಲಿರ್ಬೇಕಲ್ಲಪ್ಪಾ. ಅದನ್ನ ನಮಗೆ ಯಾರು ಕೊಟ್ರು?”