ಅಜ್ಜಿ ನೋಡುತ್ತಿದ್ದ ಮಾಫಿಯಾ ಸಿನಿಮಾ

ಹಳೆಯ ಸಿ.ಡಿ.ಯ ಪ್ಲಾಸ್ಟಿಕ್ ವಾಸನೆ ಬಂದರೆ ಇವತ್ತಿಗೂ ನನಗೆ ತಾಂಡೂರಿನ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ತೆಲಂಗಾಣ ಚಳವಳಿಯ ಬಂದ್ ಇತ್ತು. ನನಗೆ ಶಾಲೆ ಇರಲಿಲ್ಲ, ಅಪ್ಪನೂ ಸಿಮೆಂಟ್ ಫ್ಯಾಕ್ಟರಿಗೆ ಹೋಗಿರಲಿಲ್ಲ. ಹೈದರಾಬಾದಿನಲ್ಲಿ ಓದುತ್ತಿದ್ದ ಕಾಕಾ, ಅಪ್ಪನ ಒಬ್ಬನೇ ತಮ್ಮ, ಆ ಚಳವಳಿಯಲ್ಲೇ ಜೀವ ಬಿಟ್ಟು ತಿಂಗಳಾಗಿತ್ತು. ಆಮೇಲೆ ಮನೆಗೆ ಬಂದ ಅವನ ಟ್ರಂಕಿನಲ್ಲಿ ಮಾಫಿಯಾ ಕುಟುಂಬವೊಂದರ ಕಥೆಯ ಮೂರು ಇಂಗ್ಲಿಷ್ ಸಿನಿಮಾಗಳ ಸಿ.ಡಿ.ಗಳಿದ್ದವು. ಇದ್ದಾಗ, ರಜೆಗೆ ಬಂದಾಗಲೆಲ್ಲ ಕಾಕಾ ಅವನ್ನು ತಂದು ಹಾಕಿ, ತಣ್ಣನೆಯ ಪರ್ಸಿಕಲ್ಲಿನ ನೆಲದ ಮೇಲೆ ಅಜ್ಜಿಯ ಪಕ್ಕ ಕೂತು, ಒಂದೊಂದು ಮಾತನ್ನೂ ನಮ್ಮ ಮನೆಯ ಕನ್ನಡದಲ್ಲಿ ಹೇಳುತ್ತಿದ್ದ.

“ಆ ಸಿನಿಮಾ ಹಚ್ಚಪ್ಪಾ,” ಎಂದಳು ಅಜ್ಜಿ.

ಅಪ್ಪ ಹಿಂಜರಿದ. “ಬ್ಯಾಡವ್ವ. ಈಗ್ಯಾಕ ಅದು?”

“ಹಚ್ಚು.”

ಮೊದಲಿಗೇ ಡಾನ್‌ನ ಮಗಳ ಮದುವೆ. ಹಾಡು, ಕುಣಿತ, ಅಂಗಳದ ತುಂಬ ನೆಂಟರು. ಅಜ್ಜಿ ಟೀವಿಯ ಹತ್ತಿರ ಸರಿದು, ಡಾನ್‌ನ ಗಂಡುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಬೆರಳಿಟ್ಟು ಗುರುತಿಸಿದಳು. ಮದುವೆ ಮುಗಿಯುತ್ತಲೇ ಅಪ್ಪನ ಮೊಣಕೈ ಹಿಡಿದಳು.

“ಸಾಕು, ಬಂದ್ ಮಾಡು.”

“ಈಗಷ್ಟೇ ಶುರು ಆಗ್ಯಾದವ್ವ.”

“ಮುಂದ ಇವರಾಗ ಒಬ್ಬ ಮಗ ಸಾಯ್ತಾನ. ನಿನ್ನ ತಮ್ಮನೇ ಹೇಳ್ಯಾನ ನನಗ. ಈಗ ಎಲ್ಲಾರೂ ಮನ್ಯಾಗ ಅದಾರ. ಇಲ್ಲೇ ನಿಂದರಸು.”

ಅಪ್ಪ ಟೀವಿ ಆರಿಸಿದ. ಆಮೇಲೆ ನಮಗೆ ಬೆನ್ನು ಮಾಡಿ ಕೂತು, ಬಹಳ ಹೊತ್ತು ಸಿ.ಡಿ. ಪ್ಲೇಯರಿನ ವೈರುಗಳನ್ನು ಬಿಚ್ಚುತ್ತಲೇ ಇದ್ದ.

ಮರುದಿನ ಅಜ್ಜಿ ಮತ್ತೆ ಹಾಕಿಸಿದಳು. ಅವಳಿದ್ದಷ್ಟು ವರ್ಷ ನಮ್ಮ ಮನೆಯಲ್ಲಿ ಆ ಸಿನಿಮಾ ಮದುವೆಯಿಂದ ಮುಂದೆ ಹೋಗಲೇ ಇಲ್ಲ.