ಬಾನಿಯ ನೈದಿಲೆ

ಕೆರೆಯ ಹಸಿಮಣ್ಣಿನ ವಾಸನೆ ಬಂದರೆ ಈಗಲೂ ನನಗೆ, ಎಂದೋ ತೀರಿಹೋದ ಅಜ್ಜನ ಮೇಲೆ ಸಿಟ್ಟು ಬರುತ್ತದೆ.

ದೊಡವಾಡದ ನಮ್ಮ ಹಿತ್ತಲಲ್ಲಿ ದನಗಳು ನೀರು ಕುಡಿಯುತ್ತಿದ್ದ ಹಳೆಯ ಕಲ್ಲುಬಾನಿಯೊಂದಿತ್ತು. ದೀಪಾವಳಿ ಮುಗಿದ ಮೇಲೆ ಕೆರೆಯಿಂದ ನೈದಿಲೆಯ ಗಡ್ಡೆಯನ್ನು ಮಣ್ಣಿನ ಸಮೇತ ತಂದು ಅದರಲ್ಲಿ ನೆಟ್ಟುಕೊಟ್ಟವನು ಅಜ್ಜನೇ. "ಹೂವು ಅರಳೋತನಕಾ ಇದಕ್ಕ ಯಾರೂ ಕೈ ಹಚ್ಚಂಗಿಲ್ಲ" ಎಂದು ಮನೆಯವರಿಗೆಲ್ಲ ತಾಕೀತು ಮಾಡಿದ್ದ. ನಾನು ದಿನಾ ನೀರು ತುಂಬಿಸುತ್ತಿದ್ದೆ. ಅಂಗೈಯಗಲದ ಎಲೆಗಳು ತೇಲಿದವು. ಕಡೆಗೊಂದು ಮೊಗ್ಗು ನೀರಿನಿಂದ ತಲೆಯೆತ್ತಿತು.

ಮಣ್ಣೆತ್ತಿನ ಅಮಾವಾಸ್ಯೆಯ ಮಧ್ಯಾಹ್ನ ಶಾಲೆಯಿಂದ ಬಂದವಳೇ ಹಿತ್ತಲಿಗೆ ಓಡಿದೆ. ಬಾನಿ ಬರಿದಾಗಿತ್ತು. ಎಲೆಗಳು ತಿಪ್ಪೆಯ ಮೇಲೆ ಬಿದ್ದಿದ್ದವು, ಇನ್ನೂ ಒದ್ದೆಯಾಗಿ.

"ಇಲ್ಲಿ ಬಾರವ್ವಾ!" ಪಡಸಾಲೆಯಿಂದ ಅಜ್ಜ ಕೂಗಿದ. ಅವನ ಕೈ ಮೊಣಕೈತನಕ ಕೆಸರಾಗಿತ್ತು. ಮಣೆಯ ಮೇಲೆ ಗುಲಗಂಜಿಯ ಕಣ್ಣಿನ ಎರಡು ಕರಿಮಣ್ಣಿನ ಎತ್ತು ನಿಂತಿದ್ದವು.

"ಮೊಣಕಾಲು ನೋಯಾಕತ್ತಾವ, ಕೆರಿತನಕಾ ಹೋಗಾಕ ಆಗಲಿಲ್ಲ. ಬಾನ್ಯಾಗಿನ ಮಣ್ಣು ಬೆಣ್ಣಿಯಂಗ ಇತ್ತು ನೋಡು. ನಿನ್ನ ಸಲುವಾಗೇ ಮಾಡೇನಿ. ನಿನ್ನ ಹೂವಾನೂ ಏರಿಸೇನಿ."

ಬಲಗಡೆಯ ಎತ್ತಿನ ಕೋಡುಗಳ ನಡುವೆ, ಅರಳದ ಆ ಮೊಗ್ಗನ್ನು ಸಿಕ್ಕಿಸಿದ್ದ.

ಅವ್ವ ಊದಿನಕಡ್ಡಿ ಹಚ್ಚಿ ಹೋಳಿಗೆಯ ಎಡೆ ಇಟ್ಟಳು. "ಬಸವಣ್ಣಗ ಕೈ ಮುಗಿಯವ್ವಾ" ಎಂದ ಅಜ್ಜ. ಮುಗಿದೆ. ಮೊಗ್ಗು ಕಾಣದಿರಲೆಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ.

ಅಜ್ಜ ಅವ್ವನಿಗೆ ಹೇಳುವುದು ಕೇಳಿಸಿತು: "ನೋಡು, ನನ್ನ ಮೊಮ್ಮಗಳಿಗೆ ಎಷ್ಟು ಭಕ್ತಿ ಐತಿ!"