ನೊಣ ಕೂರದ ಬಂಗುಡೆ

ಕಾಲೇಜಿನ ಲ್ಯಾಬಿನಲ್ಲಿ ಆಲ್ಡಿಹೈಡ್ ಗುಂಪಿನ ಪಾಠಕ್ಕೆಂದು ಸತ್ತ ಜೀವಿಗಳನ್ನು ಕೆಡದಂತೆ ಇಡುವ ಫಾರ್ಮಲಿನ್‌ನ ಬಾಟಲಿ ತೆರೆದಾಗಲೆಲ್ಲ ಅಮ್ಮನ ಮೀನುಬುಟ್ಟಿ ನೆನಪಾಗುತ್ತದೆ.

ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಒಂದು ಮಳೆಗಾಲದಲ್ಲಿ ನಮ್ಮ ದೋಣಿಗಳೆಲ್ಲ ದಡದಲ್ಲಿದ್ದವು. ಅಮ್ಮ ಹೊರಗಿನಿಂದ ಲಾರಿಯಲ್ಲಿ ಬಂದ ಬಂಗುಡೆಯನ್ನು ಶಿರೂರಿನ ಮನೆಮನೆಗೆ ಮಾರಿ, ಮಧ್ಯಾಹ್ನ ಉಳಿದದ್ದನ್ನು ಜಗಲಿಯಲ್ಲಿ ಇಳಿಸಿದಳು.

ಅಜ್ಜಿ ಬುಟ್ಟಿಯನ್ನೇ ದಿಟ್ಟಿಸಿ ಅಮ್ಮನನ್ನು ಕೇಳಿದರು, “ಎಂತ ಹೆಣೆ, ಇದ್ರ್ ಮೇಲೆ ಒಂದ್ ನೊಣವೂ ಇಲ್ಲ?”

ನಾನು ಬಗ್ಗಿ ಮೂಸಿದೆ. ಮೀನಿನ ವಾಸನೆಯೇ ಇರಲಿಲ್ಲ. ಮೂಗು ಉರಿದು ಕಣ್ಣಲ್ಲಿ ನೀರು ಬಂತು.

“ಅಮ್ಮ, ಶಾಲಿಯಗೆ ಕಪ್ಪಿ ಹಾಕಿಟ್ಟ ಬಾಟ್ಲಿದ್ದೇ ವಾಸ್ನಿ ಇದು!”

ಅಮ್ಮ ಬೆಳಿಗ್ಗೆ ಮಾರಿದ ಮನೆಗಳತ್ತ ಮಳೆಯಲ್ಲೇ ಓಡಿದಳು. “ಹ್ವಾಯ್, ತಿನ್ಬೇಡಿ, ಮೀನ್ ತಿನ್ಬೇಡಿ!”

ಎದುರುಮನೆಯ ಮಕ್ಕಳು ಆಗಲೇ ಮಾಡಿನಿಂದ ಸುರಿಯುವ ನೀರಿಗೆ ಉಂಡ ಕೈ ಒಡ್ಡಿ ನಿಂತಿದ್ದರು.